ತಿರಸ್ಕಾರದ ದಿನಗಳಲ್ಲಿ ಕ್ರೈಸ್ತ ನಂಬಿಕೆಯಿಂದ ಸಾಂತ್ವನ ಪಡೆಯುವ ಬಗೆ

ಹೆಣ್ಣು ನೋಡಿ ಹೋದ ಮನೆಯವರು ಒಂದು ಮಾತನ್ನೂ ಹೇಳಿಕಳಿಸದೆ ಸುಮ್ಮನಾಗುವುದು, ಹಲವು ಸುತ್ತಿನ ಸಂದರ್ಶನ ಮುಗಿದ ಮೇಲೆ ಕೆಲಸ ಬೇರೊಬ್ಬರ ಪಾಲಾಗುವುದು, ದೀಕ್ಷಾಸ್ನಾನ ಪಡೆದ ಕಾರಣಕ್ಕೆ ಒಡಹುಟ್ಟಿದವರೇ ಮನೆಯ ಶುಭಕಾರ್ಯಕ್ಕೆ ಕರೆಯದಿರುವುದು, ವರ್ಷಗಟ್ಟಲೆ ಹಾಡಿದ ಗಾನವೃಂದದಿಂದ ಕಾರಣ ತಿಳಿಸದೆ ಹೆಸರು ತೆಗೆದುಹಾಕುವುದು, ಇವೆಲ್ಲ ಒಂದೇ ತೂಕದ ನೋವುಗಳಲ್ಲ. ಆದರೆ ಎಲ್ಲದರ ತಳದಲ್ಲಿಯೂ ‘ನೀನು ನಮಗೆ ಬೇಡ’ ಎಂಬ ಒಂದೇ ಮಾತಿದೆ. ಆ ಮಾತನ್ನು ಕೇಳಿಸಿಕೊಂಡ ವಿಶ್ವಾಸಿಯು ತನ್ನ ನಂಬಿಕೆಯ ಕಡೆಗೆ ತಿರುಗಿದಾಗ ಅಲ್ಲಿ ಏನು ಸಿಗುತ್ತದೆ, ಅದನ್ನು ಯಾವ ಕ್ರಮದಲ್ಲಿ ಹುಡುಕಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಕ್ರಮದ ಮಾತನ್ನು ಬೇಕೆಂದೇ ಎತ್ತಿದ್ದೇನೆ. ನಮ್ಮ ಕ್ರೈಸ್ತ ಸಭೆಗಳಲ್ಲಿ ನೊಂದವರ ಕೈಗೆ ಮೊದಲು ಸಿಗುವುದು ವಿವರಣೆ. ಇದು ದೇವರ ಚಿತ್ತ, ಇದಕ್ಕಿಂತ ಒಳ್ಳೆಯದನ್ನು ಆತನು ಇಟ್ಟಿದ್ದಾನೆ ಎಂದು ಹೇಳಿ ಹೋಗುವವರ ಮನಸ್ಸು ಒಳ್ಳೆಯದೇ ಆಗಿರುತ್ತದೆ. ಆದರೆ ಬೈಬಲಿನಲ್ಲಿ ಬೇಡವೆನಿಸಿಕೊಂಡವರ ವೃತ್ತಾಂತಗಳನ್ನು ನಿಧಾನವಾಗಿ ಓದಿದರೆ ವಿವರಣೆಯು ಬಹಳ ತಡವಾಗಿ ಬರುವುದು ಕಾಣುತ್ತದೆ, ಕೆಲವರಿಗೆ ಅದು ಬರುವುದೇ ಇಲ್ಲ. ಅದಕ್ಕೂ ಮೊದಲು ಊಟ, ನಿದ್ರೆ, ಅಳು, ದೂರು, ಜೊತೆಗೊಬ್ಬರು ಬರುತ್ತಾರೆ. ನಾವೂ ಆ ಕ್ರಮವನ್ನೇ ಹಿಡಿಯುವುದು ಒಳ್ಳೆಯದು.

ಮೊದಲು ಶರೀರದ ಆರೈಕೆ

ಅರಸುಗಳ ಮೊದಲನೆಯ ಪುಸ್ತಕದ 19ನೆಯ ಅಧ್ಯಾಯವನ್ನು ತೆರೆಯಿರಿ. ಕರ್ಮೇಲ್ ಬೆಟ್ಟದಲ್ಲಿ ಬಾಳ್ ದೇವತೆಯ ಪ್ರವಾದಿಗಳ ಎದುರು ಗೆದ್ದ ಪ್ರವಾದಿ ಎಲೀಯನು ರಾಣಿ ಈಜೆಬೆಲಳ ಬೆದರಿಕೆಗೆ ಅಂಜಿ ಬೇರ್ಷೆಬಕ್ಕೆ ಓಡಿಹೋಗುತ್ತಾನೆ, ಸೇವಕನನ್ನು ಅಲ್ಲಿಯೇ ಬಿಟ್ಟು ಅರಣ್ಯದಲ್ಲಿ ಒಂದು ದಿನದ ಪ್ರಯಾಣ ಮಾಡಿ ಒಂದು ಗಿಡದ ಕೆಳಗೆ ಕುಳಿತು ತನ್ನ ಪ್ರಾಣವನ್ನು ತೆಗೆದುಬಿಡೆಂದು ಕೇಳಿಕೊಳ್ಳುತ್ತಾನೆ. ಆಗ ಬಂದ ದೇವದೂತನು ಬೋಧನೆ ಮಾಡುವುದಿಲ್ಲ, ಗದರಿಸುವುದೂ ಇಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ನೀರನ್ನೂ ಕೊಟ್ಟು ಎದ್ದು ಊಟಮಾಡು ಎನ್ನುತ್ತಾನೆ. ಎಲೀಯನು ತಿಂದು ಮತ್ತೆ ಮಲಗುತ್ತಾನೆ, ದೂತನು ಎರಡನೆಯ ಸಲವೂ ಬಂದು ಅದನ್ನೇ ಮಾಡುತ್ತಾನೆ. ಇಲ್ಲಿ ಏನು ಮಾಡುತ್ತಿದ್ದೀ ಎಂಬ ದೇವರ ಪ್ರಶ್ನೆ ಬರುವುದು 40 ದಿನಗಳ ನಡಿಗೆಯ ಬಳಿಕ, ಹೋರೇಬ್ ಬೆಟ್ಟದ ಗವಿಯಲ್ಲಿ.

ಆದುದರಿಂದ ಮೊದಲ ಕೆಲವು ದಿನ ಹೊತ್ತಿಗೆ ಸರಿಯಾಗಿ ಊಟಮಾಡುವುದು, ರಾತ್ರಿ ಮೊಬೈಲನ್ನು ಬೇರೆ ಕೋಣೆಯಲ್ಲಿಟ್ಟು ಮಲಗುವುದು, ಬೇಡವೆಂದವರಿಗೆ ಉದ್ದುದ್ದ ಸಂದೇಶ ಬರೆಯದಿರುವುದು, ಊರು ಬಿಡುವ ಅಥವಾ ಕೆಲಸ ಬಿಡುವ ತೀರ್ಮಾನವನ್ನು ಮುಂದಕ್ಕೆ ಹಾಕುವುದು ನಿಮ್ಮ ಭಕ್ತಿಯ ಭಾಗವೇ ಆಗಿದೆ. ಈ ವಾರವೇ ಉಪವಾಸ ಪ್ರಾರ್ಥನೆಗೆ ಕೂರಿರೆಂದು ಯಾರಾದರೂ ಒತ್ತಾಯಿಸಿದರೆ ವಿನಯದಿಂದ ಮುಂದೂಡಿ. ಉಪವಾಸಕ್ಕೆ ಅದರದೇ ಕಾಲವಿದೆ, ಆದರೆ ಎಲೀಯನಿಗೆ ಆ ಗಿಡದ ಕೆಳಗೆ ಸಿಕ್ಕಿದ್ದು ರೊಟ್ಟಿ.

ಸಾಯಬೇಕೆಂಬ ಯೋಚನೆ ಪ್ರವಾದಿಗೂ ಬಂದಿತ್ತು ಎಂಬುದನ್ನು ಗಮನಿಸಿ, ಅದನ್ನು ಹೇಳಿಕೊಳ್ಳಲು ನಾಚಬೇಕಾಗಿಲ್ಲ. ಅಂತಹ ಯೋಚನೆ ಬಂದಿದ್ದರೆ ಆ ದಿನವೇ ಮನೆಯ ಒಬ್ಬರಿಗೆ ತಿಳಿಸಿರಿ, ಒಂಟಿಯಾಗಿರಬೇಡಿ, ವೈದ್ಯರನ್ನು ಕಾಣಿರಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆಮಾಡಬಹುದು, ಅಲ್ಲಿ ಕನ್ನಡದಲ್ಲಿಯೂ ಮಾತನಾಡುತ್ತಾರೆ. ಮನೋವೈದ್ಯರ ಬಳಿಗೆ ಹೋಗುವುದು ಅಪನಂಬಿಕೆಯೆಂದು ಹೇಳುವವರಿಗೆ, ಅಪೊಸ್ತಲ ಪೌಲನ ಸಂಗಡ ಕಡೆಯವರೆಗೂ ಉಳಿದ ಲೂಕನು ವೈದ್ಯನಾಗಿದ್ದನೆಂಬುದನ್ನು ನೆನಪಿಸಿದರೆ ಸಾಕು.

ದೂರನ್ನು ದೇವರ ಮುಂದೆಯೇ ಇಡುವುದು

ಈ ಬರಹದಲ್ಲಿ ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವುದು ಇಲ್ಲಿ. ಕೀರ್ತನೆಗಳ ಪುಸ್ತಕದ 150 ಕೀರ್ತನೆಗಳಲ್ಲಿ ಸುಮಾರು ಮೂರನೆಯ ಒಂದು ಭಾಗದಷ್ಟು ದುಃಖದ, ದೂರಿನ ಕೀರ್ತನೆಗಳಿವೆ. ಆದರೂ ಭಾನುವಾರದ ಆರಾಧನೆಯಲ್ಲಿ ನಾವು ಹಾಡುವುದು ಬಹುಪಾಲು ಸ್ತುತಿಯನ್ನೇ. ಹೀಗಾಗಿ ತಿರಸ್ಕಾರದ ನೋವು ಬಂದಾಗ ಅದನ್ನು ದೇವರ ಮುಂದೆ ಯಾವ ಮಾತಿನಲ್ಲಿ ಇಡಬೇಕೆಂಬುದೇ ಬಹಳ ಜನರಿಗೆ ತಿಳಿಯುವುದಿಲ್ಲ, ಸ್ತುತಿಸಲಾಗದೆ ಪ್ರಾರ್ಥನೆಯನ್ನೇ ನಿಲ್ಲಿಸಿಬಿಡುತ್ತಾರೆ.

13ನೆಯ ಕೀರ್ತನೆಯಿಂದ ಪ್ರಾರಂಭಿಸಿರಿ. ಅದು ಆರೇ ವಚನಗಳ ಚಿಕ್ಕ ಕೀರ್ತನೆ, ಮೊದಲ ಎರಡು ವಚನಗಳಲ್ಲಿಯೇ ಇದು ಇನ್ನೆಷ್ಟು ಕಾಲ ಎಂದು ದಾವೀದನು ನಾಲ್ಕು ಸಲ ಕೇಳುತ್ತಾನೆ. ಆಪ್ತನೇ ಕೈಕೊಟ್ಟಿದ್ದರೆ 55ನೆಯ ಕೀರ್ತನೆಯನ್ನು ಓದಿರಿ. ವೈರಿಯು ದೂಷಿಸಿದ್ದರೆ ತಾಳಿಕೊಳ್ಳಬಹುದಾಗಿತ್ತು, ಆದರೆ ಮಾಡಿದವನು ಜೊತೆಯಲ್ಲಿ ದೇವಾಲಯಕ್ಕೆ ಹೋಗುತ್ತಿದ್ದ ಗೆಳೆಯನೇ ಎಂಬ ಸಂಕಟ ಅದರಲ್ಲಿದೆ. ಹೆತ್ತವರಿಂದ ದೂರವಾದವರಿಗೆ 27ನೆಯ ಕೀರ್ತನೆಯ ಹತ್ತನೆಯ ವಚನವಿದೆ. ತಂದೆತಾಯಿ ತೊರೆದರೂ ಕರ್ತನು ತನ್ನನ್ನು ಸೇರಿಸಿಕೊಳ್ಳುವನೆಂದು ಅಲ್ಲಿ ಹೇಳಿದೆ, ತಂದೆತಾಯಿ ಅಂತಹ ಕೆಲಸವನ್ನು ಎಂದಿಗೂ ಮಾಡಲಾರರೆಂದು ಹೇಳಿಲ್ಲ. ಯಾವ ಸಮಾಧಾನವೂ ಹತ್ತಿರ ಸುಳಿಯದ ದಿನಗಳಿಗೆ 88ನೆಯ ಕೀರ್ತನೆಯಿದೆ. ಉಳಿದ ದುಃಖದ ಕೀರ್ತನೆಗಳೆಲ್ಲ ಸಾಮಾನ್ಯವಾಗಿ ಕೊನೆಯಲ್ಲಿ ಭರವಸೆಯ ಕಡೆಗೆ ಹೊರಳುತ್ತವೆ, ಇದು ಮಾತ್ರ ಕತ್ತಲೆಯ ಮಾತಿನಲ್ಲಿಯೇ ಮುಗಿಯುತ್ತದೆ. ಅದನ್ನು ಪವಿತ್ರಗ್ರಂಥದಿಂದ ಯಾರೂ ತೆಗೆದುಹಾಕಲಿಲ್ಲ. ಭರವಸೆಯ ಮಾತು ಬಾಯಿಗೆ ಬಾರದ ದಿನವೂ ನಿಮ್ಮ ಪ್ರಾರ್ಥನೆ ಪ್ರಾರ್ಥನೆಯೇ ಎಂಬುದಕ್ಕೆ ಇದಕ್ಕಿಂತ ದೊಡ್ಡ ಆಧಾರವನ್ನು ನಾನು ಕಾಣೆ.

ಕೀರ್ತನೆಯನ್ನು ಗಟ್ಟಿಯಾಗಿ, ನಿಮ್ಮ ಕಿವಿಗೆ ಬೀಳುವಂತೆ ಓದಿರಿ. ಕೆಲವು ದಿನ ಹಾಗೆ ಓದಿದ ಮೇಲೆ ಅದೇ ಅಚ್ಚಿನಲ್ಲಿ ನಿಮ್ಮದೊಂದು ಪ್ರಾರ್ಥನೆಯನ್ನು ಬರೆಯಿರಿ. ದೇವರನ್ನು ಕರೆಯುವುದು, ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳುವುದು, ಬೇಕಾದದ್ದನ್ನು ಕೇಳುವುದು, ಹಿಂದೆ ಆತನು ಮಾಡಿದ್ದನ್ನು ನೆನೆಯುವುದು, ಇಷ್ಟೇ ಅದರ ಅಂಗಗಳು. ಕೊನೆಯದು ಈಗ ಆಗದಿದ್ದರೆ ಪುಟದಲ್ಲಿ ಜಾಗ ಬಿಟ್ಟಿರಿ. ಮಾತು ಸಾಮಾನ್ಯವಾಗಿರದೆ ನಿರ್ದಿಷ್ಟವಾಗಿರಲಿ. ಉದಾಹರಣೆಗೆ, ಒಬ್ಬ ಹೆಣ್ಣುಮಗಳು ಹೀಗೆ ಬರೆಯಬಹುದು:

‘ದೇವರೇ, ಮಂಗಳವಾರ ಸಂಜೆ ಅವರು ಬೇಡವೆಂದು ಹೇಳಿಕಳಿಸಿದರು. ಹುಡುಗಿ ಕಪ್ಪು ಎಂದರಂತೆ. ಈ ಬಣ್ಣ ನೀನು ಕೊಟ್ಟದ್ದು. ನನಗೆ ಅಪ್ಪನ ಮುಖ ನೋಡಲಾಗುತ್ತಿಲ್ಲ. ಇನ್ನು ಎಷ್ಟು ಜನರ ಮುಂದೆ ಕಾಫಿಯ ತಟ್ಟೆ ಹಿಡಿದು ನಿಲ್ಲಲಿ? ನೀನು ನೋಡುತ್ತಿದ್ದೀಯೋ ಇಲ್ಲವೋ ಹೇಳು. ಹಾಗರಳನ್ನು ಅರಣ್ಯದಲ್ಲಿ ನೋಡಿದವನು ನೀನು, ನನ್ನನ್ನೂ ನೋಡು.’

ಇದರಲ್ಲಿ ಅಲಂಕಾರವಿಲ್ಲ, ಕಲಿತ ಪ್ರಾರ್ಥನೆಯ ಧಾಟಿಯೂ ಇಲ್ಲ, ಆದರೂ ಆದಿಕಾಂಡದ 16ನೆಯ ಅಧ್ಯಾಯದ ದಾಸಿಯವರೆಗೆ ಅದರ ಬೇರು ಹೋಗಿದೆ. ಯಜಮಾನಿಯ ಕಾಟ ತಾಳಲಾರದೆ ಬಸುರಿಯಾಗಿ ಓಡಿಹೋದ ಹಾಗರಳು ತನ್ನೊಡನೆ ಮಾತನಾಡಿದ ದೇವರಿಗೆ ‘ನನ್ನನ್ನು ನೋಡುವ ದೇವರು’ ಎಂಬರ್ಥದ ಹೆಸರಿಟ್ಟಳು.

ಸಿಟ್ಟಿದ್ದರೆ ಅದನ್ನೂ ಅಲ್ಲಿಯೇ ಹೇಳಿರಿ. 109ನೆಯ ಕೀರ್ತನೆಯ ಶಾಪದ ಮಾತುಗಳನ್ನು ಓದಿ ಗಾಬರಿಯಾಗುವವರು ಅದು ಯಾರಿಗೆ ಹೇಳಿದ ಮಾತೆಂಬುದನ್ನು ನೋಡಬೇಕು. ಶತ್ರುವಿನ ಮನೆಯ ಬಾಗಿಲಲ್ಲಿ ನಿಂತು ಕೂಗಿದ್ದಲ್ಲ, ದೇವರಿಗೆ ಒಪ್ಪಿಸಿದ್ದು. ಹಾಗೆ ಒಪ್ಪಿಸಿದವನಿಗೆ ತಾನೇ ಮುಯ್ಯಿ ತೀರಿಸುವ ಕೆಲಸ ಉಳಿಯುವುದಿಲ್ಲ.

ತಿರಸ್ಕೃತನಾದ ಕ್ರಿಸ್ತನ ಬಳಿ ಕುಳಿತುಕೊಳ್ಳುವುದು

ಕ್ರೈಸ್ತ ಸಾಂತ್ವನವು ಬೇರೆ ಸಮಾಧಾನಗಳಿಂದ ಬೇರೆಯಾಗುವುದು ಈ ಹಂತದಲ್ಲಿ. ನಾವು ಪ್ರಾರ್ಥಿಸುವ ಕರ್ತನು ಸ್ವತಃ ಬೇಡವೆನಿಸಿಕೊಂಡವನು, ಅದೂ ಒಂದು ಸಲ ಅಲ್ಲ. ತಾನು ಬೆಳೆದ ನಜರೇತಿನ ಸಭಾಮಂದಿರದಲ್ಲಿ ಬೋಧಿಸಿದಾಗ ಊರಿನವರು ಆತನನ್ನು ಗುಡ್ಡದ ಅಂಚಿಗೆ ನೂಕಿಕೊಂಡು ಹೋದರೆಂದು ಲೂಕನು ನಾಲ್ಕನೆಯ ಅಧ್ಯಾಯದಲ್ಲಿ ಬರೆದಿದ್ದಾನೆ. ಮನೆಯವರು ಆತನಿಗೆ ಹುಚ್ಚು ಹಿಡಿದಿದೆಯೆಂದುಕೊಂಡು ಹಿಡಿದು ತರಲು ಹೊರಟರೆಂದು ಮಾರ್ಕನ ಮೂರನೆಯ ಅಧ್ಯಾಯ ತಿಳಿಸುತ್ತದೆ. ತಮ್ಮಂದಿರೂ ಆತನನ್ನು ನಂಬಲಿಲ್ಲವೆಂದು ಯೋಹಾನನು ಹೇಳುತ್ತಾನೆ. ಕಡೆಯ ರಾತ್ರಿ ಆಪ್ತ ಶಿಷ್ಯನಾದ ಪೇತ್ರನು ಆತನನ್ನು ಅರಿಯೆನೆಂದನು. ಶಿಲುಬೆಯ ಮೇಲೆ ಆತನು ಕೂಗಿದ್ದು 22ನೆಯ ಕೀರ್ತನೆಯ ಮೊದಲ ಸಾಲನ್ನು, ತನ್ನ ದೇವರು ತನ್ನನ್ನು ಏಕೆ ಕೈಬಿಟ್ಟನೆಂಬ ಪ್ರಶ್ನೆಯನ್ನು.

ಈ ಪ್ರಸಂಗಗಳಲ್ಲಿ ನಿಮ್ಮ ನೋವಿಗೆ ಹತ್ತಿರವಾದ ಒಂದನ್ನು ಮಾತ್ರ ಆರಿಸಿಕೊಂಡು ಒಂದು ವಾರ ಅದರಲ್ಲಿಯೇ ಇರಿ. ದಿನಕ್ಕೆ ಕಾಲು ಗಂಟೆ ಸಾಕು. ಮನೆಯವರಿಂದ ನೊಂದವರಿಗೆ ಮಾರ್ಕನ ಪ್ರಸಂಗ, ಊರು ಅಥವಾ ಸಭೆಯಿಂದ ನೊಂದವರಿಗೆ ನಜರೇತು, ಗೆಳೆಯರಿಂದ ನೊಂದವರಿಗೆ ಪೇತ್ರನ ರಾತ್ರಿ. ಓದಿ ಮುಗಿದ ಮೇಲೆ ಪಾಠವೇನೆಂದು ಹುಡುಕದೆ, ಯೇಸು ಎಲ್ಲಿ ನಿಂತಿದ್ದಾನೆ, ಸುತ್ತಲಿನವರ ಮುಖ ಹೇಗಿದೆ ಎಂದು ನೋಡುತ್ತ ಕುಳಿತಿರಿ. ಕಥೋಲಿಕರಿಗೆ ಇದಕ್ಕೆ ಸಿದ್ಧವಾದ ದಾರಿಯೊಂದಿದೆ. ಯೇಸುವಿನ ಕಡೆಯ ನಡಿಗೆಯನ್ನು ನೆನೆಯುವ ಶಿಲುಬೆಯ ಹಾದಿಯ 14 ಸ್ಥಳಗಳನ್ನು ಈಸ್ಟರಿಗೆ ಮುಂಚಿನ ತಪಸ್ಸು ಕಾಲಕ್ಕೆ ಮಾತ್ರ ಮೀಸಲಿಡಬೇಕಾಗಿಲ್ಲ, ಕೆಲಸದ ದಿನದ ಮಧ್ಯಾಹ್ನ ಚರ್ಚು ಖಾಲಿಯಿರುವಾಗ ಒಬ್ಬರೇ ನಡೆಯಬಹುದು. ಎಲ್ಲರ ಮುಂದೆ ಅವಮಾನಿತರಾದವರು ವಸ್ತ್ರಗಳನ್ನು ಕಿತ್ತುಕೊಳ್ಳುವ ಹತ್ತನೆಯ ಸ್ಥಳದಲ್ಲಿ ಹೆಚ್ಚು ಹೊತ್ತು ನಿಲ್ಲುವುದಿದ್ದರೆ ನಿಲ್ಲಲಿ. ಸಿರೇನಿನ ಸೀಮೋನನು ಹೆಗಲು ಕೊಡುವ ಐದನೆಯ ಸ್ಥಳವನ್ನು ಆತುರದಿಂದ ದಾಟಬೇಡಿ, ಯೇಸುವಿಗೂ ಮನುಷ್ಯನ ಸಹಾಯ ಬೇಕಾಯಿತು.

ಮನೆ ಕಟ್ಟುವವರು ಬೇಡವೆಂದ ಕಲ್ಲೇ ಮೂಲೆಗಲ್ಲಾಯಿತೆಂಬ 118ನೆಯ ಕೀರ್ತನೆಯ ಮಾತನ್ನು ಈ ಸಂದರ್ಭದಲ್ಲಿ ಎಲ್ಲರೂ ನೆನೆಯುತ್ತಾರೆ. ನೆನೆಯುವುದು ಸರಿ, ಆದರೆ ಅದನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿ, ಬೇಡವೆಂದವರು ನೋಡಿದರೋ ಇಲ್ಲವೋ ಎಂದು ಮತ್ತೆ ಮತ್ತೆ ತೆರೆದು ನೋಡುವುದರಿಂದ ಗಾಯ ಕೆದರುತ್ತದೆಯೇ ಹೊರತು ಮಾಯುವುದಿಲ್ಲ. ಆ ಕಲ್ಲು ಮೊದಲು ಕ್ರಿಸ್ತನು. ಪೇತ್ರನು ತನ್ನ ಮೊದಲನೆಯ ಪತ್ರದಲ್ಲಿ ವಿಶ್ವಾಸಿಗಳನ್ನು ಆ ಮೂಲೆಗಲ್ಲಿನ ಜೊತೆಗೆ ಸೇರಿ ಮನೆಯಾಗುವ ಜೀವವುಳ್ಳ ಕಲ್ಲುಗಳೆಂದು ಕರೆಯುತ್ತಾನೆ. ಅಂದರೆ ನಮಗೆ ಸಿಗುವ ಭರವಸೆಯು ಒಂದು ಗೋಡೆಯಲ್ಲಿ ನಮಗೂ ಸ್ಥಳವಿದೆ ಎಂಬುದು, ಒಂದು ದಿನ ಅವರಿಗಿಂತ ಮೇಲೆ ಹೋಗುತ್ತೇವೆ ಎಂಬುದಲ್ಲ.

ಅರ್ಥ ಹೇಳುವ ಆತುರ ಬೇಡ

ಅಣ್ಣಂದಿರು ಯೋಸೇಫನನ್ನು ಗುಂಡಿಗೆ ತಳ್ಳಿ ಆಮೇಲೆ ಮಾರಿದಾಗ ಅವನಿಗೆ 17 ವರ್ಷ. ದೇವರೇ ತನ್ನನ್ನು ಮುಂದಾಗಿ ಕಳುಹಿಸಿದನೆಂಬ ಮಾತನ್ನು ಅವನು ಆಡಿದ್ದು ಆದಿಕಾಂಡದ ಲೆಕ್ಕದಂತೆ ಸುಮಾರು 22 ವರ್ಷಗಳ ಬಳಿಕ. ಅವರು ಮಾಡಿದ ಕೇಡನ್ನು ದೇವರು ಒಳ್ಳೆಯದಕ್ಕೆ ತಿರುಗಿಸಿದನೆಂಬ 50ನೆಯ ಅಧ್ಯಾಯದ ಹೆಸರಾದ ಮಾತು ಬಂದದ್ದು ತಂದೆ ತೀರಿಕೊಂಡ ನಂತರ, ಇನ್ನೂ 17 ವರ್ಷ ತಡವಾಗಿ. ಎರಡು ಸಲವೂ ಅದನ್ನು ಹೇಳಿದವನು ಗುಂಡಿಗೆ ಬಿದ್ದವನೇ, ತಳ್ಳಿದವರಲ್ಲ, ದಾರಿಹೋಕರಲ್ಲ. ನಿಮ್ಮ ತಿರಸ್ಕಾರದ ಹಿಂದೆ ದೇವರ ಯೋಜನೆ ಏನೆಂದು ಎರಡೇ ದಿನದಲ್ಲಿ ಬೇರೆಯವರು ವಿವರಿಸಿದರೆ ಕೇಳಿಸಿಕೊಳ್ಳಿ, ಒಪ್ಪಿಕೊಳ್ಳಲೇಬೇಕೆಂಬ ಕಡ್ಡಾಯವೇನೂ ಇಲ್ಲ. ಸುವಾರ್ತೆ ಸಾರಲು ಹೊರಟ ಪೌಲನಿಗೆ ಬಿಥೂನ್ಯದ ದಾರಿ ಮುಚ್ಚಿ ಮಕೆದೋನ್ಯದ ದಾರಿ ತೆರೆದದ್ದು ನಿಜ. ಆದರೆ ಮುಚ್ಚಿದ ಬಾಗಿಲೆಲ್ಲವನ್ನೂ ದೇವರೇ ಮುಚ್ಚಿದನೆಂದು ಅದರಿಂದ ತೀರ್ಮಾನಿಸಲಾಗದು. ಎಷ್ಟೋ ಬಾಗಿಲುಗಳನ್ನು ಮನುಷ್ಯರ ಜಾತಿ, ಬಣ್ಣ, ವರದಕ್ಷಿಣೆಯ ಆಸೆ ಮುಚ್ಚಿರುತ್ತವೆ.

ಆದಿಕಾಂಡದ 29ನೆಯ ಅಧ್ಯಾಯದಲ್ಲಿರುವ ಲೇಯಾಳ ಕಥೆಯನ್ನು ಇದರ ಜೊತೆಗೆ ಓದಿರಿ. ಗಂಡನಾದ ಯಾಕೋಬನ ಪ್ರೀತಿ ಅವಳ ತಂಗಿಯೂ ಸವತಿಯೂ ಆದ ರಾಹೇಲಳ ಮೇಲೆ. ಮೊದಲ ಮೂರು ಮಕ್ಕಳು ಹುಟ್ಟಿದಾಗ ಲೇಯಾ ಇಟ್ಟ ಹೆಸರುಗಳಲ್ಲಿ ಗಂಡನ ಪ್ರೀತಿಗಾಗಿ ಕಾತರಿಸುವ ಹೆಣ್ಣಿನ ಅಳಲಿದೆ. ನಾಲ್ಕನೆಯವನಾದ ಯೆಹೂದನು ಹುಟ್ಟಿದಾಗ, ಈ ಸಲ ಕರ್ತನನ್ನು ಸ್ತುತಿಸುತ್ತೇನೆ ಎಂದಳು. ಸಭೆಯ ಬೋಧನೆಗಳಲ್ಲಿ ಕಥೆ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತದೆ, ಯೆಹೂದನ ವಂಶದಲ್ಲಿ ದಾವೀದನೂ ಯೇಸುವೂ ಹುಟ್ಟಿದರೆಂದು ಸೇರಿಸಿ ಮುಗಿಸುತ್ತಾರೆ. ಆದರೆ ಮುಂದಿನ ಅಧ್ಯಾಯದಲ್ಲಿ ಆರನೆಯ ಮಗ ಜೆಬುಲೂನನು ಹುಟ್ಟಿದಾಗ ಅವಳು ಮತ್ತೆ ಗಂಡನ ಮನ್ನಣೆಯನ್ನೇ ಬಯಸುತ್ತಾಳೆ. ವಾಸಿಯಾಯಿತೆಂದುಕೊಂಡ ಮೇಲೂ ಹಳೆಯ ನೋವು ಒಂದು ನಿಶ್ಚಿತಾರ್ಥದ ಆಮಂತ್ರಣ ಕಂಡೊಡನೆ ಮರಳಿ ಬರಬಹುದು. ಬಂದರೆ ನಿಮ್ಮ ನಂಬಿಕೆ ಸುಳ್ಳೆಂದಾಗಲಿ, ಅಷ್ಟು ದಿನದ ಪ್ರಾರ್ಥನೆ ವ್ಯರ್ಥವೆಂದಾಗಲಿ ತಿಳಿಯದೆ, 13ನೆಯ ಕೀರ್ತನೆಗೆ ಹಿಂದಿರುಗಿರಿ.

ಜೊತೆಗೊಬ್ಬರನ್ನು ಹುಡುಕಿಕೊಳ್ಳುವುದು

ಎಲ್ಲವನ್ನೂ ಎಲ್ಲರಿಗೂ ಹೇಳುವ ಅಗತ್ಯವಿಲ್ಲ. ಮನೆಪ್ರಾರ್ಥನೆಯ ಕೂಟದಲ್ಲಿ ಪ್ರಾರ್ಥನಾ ವಿಷಯವಾಗಿ ಹೇಳಿದ್ದು ಮರುದಿನ ಇಡೀ ಸಭೆಯ ಸುದ್ದಿಯಾಗುವುದನ್ನು ನಾವೆಲ್ಲ ಕಂಡಿದ್ದೇವೆ. ಸಭಾಪಾಲಕರಾದ ಅಯ್ಯನವರಿಗೋ ಫಾದರಿಗೋ ಖಾಸಗಿಯಾಗಿ ಹೇಳುವುದು, ಇಲ್ಲವೆ ಬಾಯಿ ಬಿಗಿಯಿರುವ ಒಬ್ಬ ಹಿರಿಯರನ್ನು ಆರಿಸಿಕೊಳ್ಳುವುದು ಲೇಸು. ಹೇಳುವಾಗ, ನನಗೆ ಸಲಹೆ ಬೇಡ, ಕೇಳಿಸಿಕೊಂಡರೆ ಸಾಕು ಎಂದು ಮೊದಲೇ ತಿಳಿಸಿಬಿಡಿ. ಎಲ್ಲವನ್ನೂ ಕಳೆದುಕೊಂಡ ಯೋಬನ ಮೂವರು ಗೆಳೆಯರು ಏಳು ದಿನ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕುಳಿತದ್ದೇ ಅವರು ಮಾಡಿದ ಒಳ್ಳೆಯ ಕೆಲಸ, ಬಾಯಿ ತೆರೆದ ಮೇಲೆ ಎಲ್ಲ ಕೆಟ್ಟಿತು.

ಸಭೆಯಿಂದ ಮಾತಿನ ಸಾಂತ್ವನವನ್ನಷ್ಟೇ ಅಲ್ಲ, ಕೈಗೆಟಕುವ ಸಹಾಯವನ್ನೂ ಸಂಕೋಚವಿಲ್ಲದೆ ಕೇಳಬಹುದು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಪ್ರಚಾರಕರು 1834ರಲ್ಲಿ ಮಂಗಳೂರಿಗೆ ಬಂದ ಬಳಿಕ ದೀಕ್ಷಾಸ್ನಾನ ಪಡೆದ ಅನೇಕರು ಜಾತಿಯಿಂದ ಹೊರಬಿದ್ದು ಮನೆಯನ್ನೂ ಕಸುಬನ್ನೂ ಕಳೆದುಕೊಂಡರು. ಅಂಥವರ ಜೀವನೋಪಾಯಕ್ಕೆಂದೇ ನೇಯ್ಗೆಯಂತಹ ಕಸುಬುಗಳನ್ನು ಮಿಷನ್ ತೊಡಗಿಸಿತು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯೂ ಪ್ರಾರಂಭವಾಯಿತು. ಕರಾವಳಿಯ ಹೆಂಚಿನ ಉದ್ಯಮದ ಹಿಂದೆ ಬಹಿಷ್ಕಾರದ ಈ ಇತಿಹಾಸವೂ ಇದೆಯೆಂಬುದು ಇಂದು ಅಷ್ಟಾಗಿ ನೆನಪಿಗೆ ಬರುವುದಿಲ್ಲ. ಮನೆಯವರು ಹೊರಹಾಕಿದ್ದರೆ ಕೆಲವು ದಿನ ತಂಗಲು ಜಾಗ, ಕೆಲಸ ಹೋಗಿದ್ದರೆ ಒಂದು ಶಿಫಾರಸು, ಹಬ್ಬದ ದಿನ ಊಟಕ್ಕೆ ಒಂದು ಮನೆ, ಹೀಗೆ ಬೇಕಾದದ್ದನ್ನು ಹೆಸರಿಟ್ಟು ಕೇಳಿರಿ.

ಬೇಡವೆಂದದ್ದು ಸಭೆಯೇ ಆಗಿದ್ದರೆ? ಯೋಹಾನನ ಒಂಬತ್ತನೆಯ ಅಧ್ಯಾಯದಲ್ಲಿ ಹುಟ್ಟುಕುರುಡನಾಗಿದ್ದು ಕಣ್ಣು ಪಡೆದವನನ್ನು ಧರ್ಮದ ಅಧಿಕಾರಿಗಳು ಹೊರಗೆ ಹಾಕುತ್ತಾರೆ, ಹೆತ್ತವರೂ ಅಂಜಿ ಅವನನ್ನೇ ಕೇಳಿಕೊಳ್ಳಿ ಎಂದು ಪಕ್ಕಕ್ಕೆ ಸರಿಯುತ್ತಾರೆ. ಅವನನ್ನು ಹೊರಗೆ ಹಾಕಿದರೆಂದು ಕೇಳಿದ ಯೇಸು ಅವನನ್ನು ಕಂಡು ಮಾತನಾಡುತ್ತಾನೆ. ಒಂದು ಸಭೆಯಿಂದ ಹೊರಬಿದ್ದವರು ಕ್ರಿಸ್ತನಿಂದ ಹೊರಬಿದ್ದವರಲ್ಲ. ಸ್ವಲ್ಪ ಕಾಲ ಬೇರೊಂದು ಚರ್ಚಿನಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ಆರಾಧಿಸಬಹುದು. ಆದರೆ ಕರ್ತನ ಭೋಜನವನ್ನು, ಕಥೋಲಿಕರಾದರೆ ಪರಮ ಪ್ರಸಾದವನ್ನು, ಬಹುಕಾಲ ಬಿಟ್ಟಿರಬೇಡಿ. ಆ ಭೋಜನವನ್ನು ಯೇಸು ಸ್ಥಾಪಿಸಿದ್ದು ತಾನು ಹಿಡಿದುಕೊಡಲ್ಪಟ್ಟ ರಾತ್ರಿಯಲ್ಲಿಯೇ ಎಂದು ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದಲ್ಲಿ ನೆನಪಿಸುತ್ತಾನೆ.

ಜಾತಿಯ ಕಾರಣಕ್ಕೆ ಸಭೆಯೊಳಗೇ ಸಂಬಂಧ ತಪ್ಪಿದ್ದರೆ ಸಾಂತ್ವನವೊಂದೇ ಸಾಲದು. ಅದು ಪಕ್ಷಪಾತ, ಯಾಕೋಬನ ಪತ್ರದ ಎರಡನೆಯ ಅಧ್ಯಾಯ ಅದನ್ನು ಪಾಪವೆಂದೇ ಕರೆದಿದೆ. ಮನಸ್ಸು ಗಟ್ಟಿಯಾದ ಮೇಲೆ ಸಭಾಪಾಲಕರಲ್ಲಿ ಅದನ್ನು ಹಾಗೆಯೇ ಹೇಳಬೇಕು.

ಕ್ಷಮೆ, ಮತ್ತು ಅದರ ನಂತರ

ಕ್ಷಮಿಸುವುದು ಮತ್ತೆ ಅದೇ ಬಾಗಿಲಿಗೆ ಹೋಗಿ ನಿಲ್ಲುವುದಲ್ಲ. ಸಮಾರ್ಯದ ಹಳ್ಳಿಯೊಂದು ಯೇಸುವನ್ನು ಸೇರಿಸಿಕೊಳ್ಳದಿದ್ದಾಗ ಆಕಾಶದಿಂದ ಬೆಂಕಿ ಬೀಳಿಸೋಣವೇ ಎಂದ ಶಿಷ್ಯರನ್ನು ಆತನು ಗದರಿಸಿದನು, ಆಮೇಲೆ ಅವರು ಬೇರೊಂದು ಹಳ್ಳಿಗೆ ಹೋದರು. ಬೆಂಕಿಯೂ ಇಲ್ಲ, ಅಂಗಲಾಚುವುದೂ ಇಲ್ಲ. ಯೋಸೇಫನೂ ಅಣ್ಣಂದಿರನ್ನು ಕಂಡ ದಿನವೇ ಅಪ್ಪಿಕೊಳ್ಳದೆ, ಅವರ ಮನಸ್ಸು ಬದಲಾಗಿದೆಯೇ ಎಂದು ಕಿರಿಯ ತಮ್ಮನಾದ ಬೆನ್ಯಾಮೀನನ ವಿಷಯದಲ್ಲಿ ಪರೀಕ್ಷಿಸಿದ ಮೇಲೆಯೇ ತಾನು ಯಾರೆಂದು ತಿಳಿಸಿದನು. ಸೇಡಿನ ಆಸೆಯನ್ನು ದೇವರಿಗೆ ಒಪ್ಪಿಸುವುದು ಇಂದೇ ಪ್ರಾರಂಭವಾಗಬಹುದು, ನಂಬುಗೆಯನ್ನು ಮತ್ತೆ ಕಟ್ಟುವುದಕ್ಕೆ ಇಬ್ಬರ ಕೈಯೂ ಬೇಕು. ಕೈಮಾಡಿ ಹೊಡೆದವರ, ಬೆದರಿಸಿದವರ ಮನೆಗೆ ಕ್ಷಮೆಯ ಹೆಸರಿನಲ್ಲಿ ಹಿಂದಿರುಗಬೇಡಿ.

ಕೊನೆಯದಾಗಿ, ನೋವು ತಕ್ಕಮಟ್ಟಿಗೆ ಇಳಿದ ಮೇಲೆ ಕೇಳಿಕೊಳ್ಳಬೇಕಾದ ಒಂದು ಪ್ರಶ್ನೆಯಿದೆ: ಬೇಡವೆಂದವರ ಮಾತಿನಲ್ಲಿ ನಿಜವೇನಾದರೂ ಇತ್ತೇ? ಮೊದಲ ವಾರದಲ್ಲಿ ಈ ಪ್ರಶ್ನೆ ವಿಷವಾಗುತ್ತದೆ, ಕೆಲವು ತಿಂಗಳ ಬಳಿಕ ಔಷಧವಾಗಬಹುದು. ಯೋಹಾನನೆನಿಸಿಕೊಳ್ಳುವ ಮಾರ್ಕನು ಪಂಫುಲ್ಯದಲ್ಲಿ ಪೌಲನನ್ನು ಬಿಟ್ಟುಹೋಗಿದ್ದನು, ಆದುದರಿಂದ ಮುಂದಿನ ಪ್ರಯಾಣಕ್ಕೆ ಅವನು ಬೇಡವೆಂದು ಪೌಲನು ಹಟಹಿಡಿದನು. ಅದಕ್ಕಾಗಿ ಪೌಲನಿಗೂ ಮಾರ್ಕನ ಪರ ನಿಂತ ಜೊತೆಗಾರ ಬಾರ್ನಬನಿಗೂ ತೀಕ್ಷ್ಣವಾದ ವಾಗ್ವಾದವೇ ಆಗಿ ಅವರು ಅಗಲಿದರೆಂದು ಅಪೊಸ್ತಲರ ಕೃತ್ಯಗಳ 15ನೆಯ ಅಧ್ಯಾಯ ಮರೆಮಾಚದೆ ಬರೆದಿದೆ. ಮಾರ್ಕನು ಬಾರ್ನಬನ ಸಂಗಡ ಕುಪ್ರದ್ವೀಪಕ್ಕೆ ಹೋಗಿ ಕೆಲಸ ಮುಂದುವರಿಸಿದನು. ಬಹುಕಾಲದ ಮೇಲೆ ಸೆರೆಯಲ್ಲಿದ್ದ ಪೌಲನು ತಿಮೊಥೆಗೆ ಬರೆದ ಎರಡನೆಯ ಪತ್ರದಲ್ಲಿ, ಮಾರ್ಕನು ತನ್ನ ಸೇವೆಗೆ ಉಪಯುಕ್ತನಾಗಿರುವುದರಿಂದ ಅವನನ್ನು ಕರೆದುಕೊಂಡು ಬಾ ಎಂದು ಕೇಳುತ್ತಾನೆ. ಸಂದರ್ಶನದಲ್ಲಿ ತಪ್ಪಿದ್ದೆಲ್ಲಿ, ಗಾನವೃಂದದಲ್ಲಿ ನಿಮ್ಮಿಂದ ತೊಂದರೆಯಾಗಿತ್ತೇ ಎಂದು ಬೇಡವೆಂದವರನ್ನೇ ಕೇಳುವ ಬದಲು, ನಿಮ್ಮ ಪಾಲಿಗೆ ಬಾರ್ನಬನಂತಿರುವ ಒಬ್ಬರ ಬಳಿ ಕೇಳಿರಿ. ಅವರು ತೋರಿಸಿದ್ದನ್ನು ತಿದ್ದಿಕೊಳ್ಳಿ, ತೋರಿಸಲು ಏನೂ ಇಲ್ಲವೆಂದರೆ ಅದನ್ನೂ ನಂಬಿರಿ. ಅರ್ಜಿ ಹಾಕುವುದಿದ್ದರೆ ಹಾಕಿರಿ, ಹಾಡುವುದಿದ್ದರೆ ಬೇರೊಂದು ಕಡೆ ಹಾಡಿರಿ. ಬೇಡವೆಂದವರು ಮದುವೆ ಮನೆಯಲ್ಲಿ ಎದುರಾದರೆ ನಮಸ್ಕಾರ ಹೇಳಿ ಊಟದ ಪಂಕ್ತಿಗೆ ನಡೆಯಿರಿ. ಅಷ್ಟಕ್ಕಿಂತ ಹೆಚ್ಚಿನ ಮಾತನ್ನು ಆ ದಿನ ನಿಮ್ಮಿಂದ ಯಾರೂ ನಿರೀಕ್ಷಿಸಬೇಕಾಗಿಲ್ಲ.